ದವಡೆ ಹೋದರೂ ಹಲ್ಲು ಬರುತ್ತಾ?

ರೊಟ್ಟಿ ಅಗಿಯಲು ಹಲ್ಲು ಬೇಕು. ಹಲ್ಲು ನಿಲ್ಲಲು ಏನು ಬೇಕು? ದವಡೆ ಬೇಕು. ಗೂಟ ನಿಲ್ಲಲು ಗಟ್ಟಿ ನೆಲ ಬೇಕಲ್ಲ, ಹಾಗೆ.

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕನಿಗೆ ಬಾಯಿ ಕ್ಯಾನ್ಸರ್ ಆಯಿತು. ಬಹಳ ವರ್ಷದಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಒಸಡಿನ ಹುಣ್ಣು ಮೂಳೆಗೆ ಇಳಿದಿತ್ತು. ವೈದ್ಯರು ಕೆಳದವಡೆಯ ಒಂದು ಭಾಗವನ್ನೇ ತೆಗೆದರು. ಜೀವ ಉಳಿಯಿತು. ಆದರೆ ಗಂಜಿ ಕುಡಿದರೂ ತುಟಿಯಿಂದ ಸೋರುತ್ತಿತ್ತು. ಮಾತು ತೊದಲುತ್ತಿತ್ತು. ಅಕ್ಕ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟರು.

"ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ರಿ ಅಕ್ಕಾ" ಎಂದೆವು ನಾವು. ನಮಗೆ ತಿಳಿದದ್ದು ಅಷ್ಟೇ. ಸೆಟ್ಟು ಕೂರಲು ಅಲ್ಲಿ ಒಸಡೇ ಇರಲಿಲ್ಲ!

ಇದಕ್ಕೆ ಬೇರೆ ದಾರಿ ಇದೆ. ಮೊದಲು ದವಡೆ ಕಟ್ಟುತ್ತಾರೆ. ನಮ್ಮ ಮೊಣಕಾಲಿನ ಕೆಳಗೆ ಎರಡು ಮೂಳೆ ಇವೆ. ಮೈಭಾರ ಹೊರುವುದು ದಪ್ಪ ಮೂಳೆ. ಪಕ್ಕದ ತೆಳು ಮೂಳೆಯ ತುಂಡನ್ನು ರಕ್ತನಾಳದ ಸಮೇತ ತೆಗೆಯುತ್ತಾರೆ. ದವಡೆಯ ಆಕಾರಕ್ಕೆ ಕತ್ತರಿಸಿ ಕೂರಿಸುತ್ತಾರೆ. ಆ ರಕ್ತನಾಳವನ್ನು ಕುತ್ತಿಗೆಯ ರಕ್ತನಾಳಕ್ಕೆ ಹೊಲಿಯುತ್ತಾರೆ. ರಕ್ತ ಹರಿದರೆ ಮೂಳೆ ಬದುಕುತ್ತದೆ. ಕಾಲು ಕುಂಟಾಗುತ್ತಾ? ಗಾಯ ಮಾಗಿದ ಮೇಲೆ ಹೆಚ್ಚಿನವರು ಚೆನ್ನಾಗಿಯೇ ನಡೆಯುತ್ತಾರೆ.

ಆಮೇಲೆ ಆ ಮೂಳೆಗೆ ಟೈಟಾನಿಯಂ ಎಂಬ ಲೋಹದ ಸಣ್ಣ ಸ್ಕ್ರೂ ಹಾಕುತ್ತಾರೆ. ಇದೇ ಇಂಪ್ಲಾಂಟ್. ಮೂಳೆ ಈ ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವೈದ್ಯರು ಇದನ್ನು ಮೊದಲು ಮೊಲದ ಕಾಲಿನಲ್ಲಿ ಕಂಡರು. 1965ರಲ್ಲಿ ಒಬ್ಬ ರೋಗಿಯ ದವಡೆಗೆ ಹಾಕಿದರು. ಮೂಳೆ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಅಲ್ಲಿಯವರೆಗೆ ಅವಸರ ಮಾಡಬಾರದು. ನಂತರ ಅದರ ಮೇಲೆ ಹಲ್ಲು ಕೂರಿಸುತ್ತಾರೆ.

ಇದು ಎಲ್ಲರಿಗೂ ಆಗುವುದಿಲ್ಲ. ಕ್ಯಾನ್ಸರಿಗೆ ಕರೆಂಟು ಕೊಟ್ಟ ಮೂಳೆ ಬೇಗ ಮಾಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇರಬೇಕು. ಹೊಗೆಸೊಪ್ಪು, ಬೀಡಿ ಪೂರ್ತಿ ಬಿಡಬೇಕು. ಖರ್ಚೂ ಬಹಳ. ಸರಕಾರದ ಆರೋಗ್ಯ ಕಾರ್ಡಿನಲ್ಲಿ ಆಪರೇಷನ್ ಆದರೂ ಹಲ್ಲಿನ ಖರ್ಚನ್ನು ಬೇರೆಯಾಗಿ ಕೇಳಿ ತಿಳಿಯಿರಿ. ದವಡೆ ತೆಗೆಯುವ ಮೊದಲೇ ಕೇಳಿ, "ಡಾಕ್ಟ್ರೇ, ಮುಂದೆ ಹಲ್ಲು ಹಾಕಲು ಬರುತ್ತಾ?" ಅಂತ. ಕೇಳಲು ಸಂಕೋಚ ಯಾಕೆ? ಬಾಯಿ ನಮ್ಮದು.

ಬಾಯಲ್ಲಿ ಎರಡು ವಾರ ದಾಟಿದರೂ ಮಾಯದ ಹುಣ್ಣು ಇದೆಯಾ? ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ? ಬಾಯಿ ಅಗಲ ತೆರೆಯಲು ಆಗುತ್ತಿಲ್ಲವಾ? ನೋವಿಲ್ಲ ಅಂತ ಸುಮ್ಮನಿರಬೇಡಿ. ಆಸ್ಪತ್ರೆಗೆ ಹೋಗಿ ತೋರಿಸಿ.

ನಮ್ಮ ಅಕ್ಕನಿಗೆ ಸ್ಕ್ರೂ ಹಾಕಿ ನಾಲ್ಕು ತಿಂಗಳಾಗಿದೆ. ಹಲ್ಲು ಇನ್ನೂ ಕೂರಿಸಿಲ್ಲ. ಮೊನ್ನೆ ಕೇಂದ್ರಕ್ಕೆ ಬಂದಿದ್ದರು. ಆಸ್ಪತ್ರೆ ಚೀಟಿಯಲ್ಲಿದ್ದ ಮುಂದಿನ ತಾರೀಖನ್ನು ತಾವೇ ಓದಿ ಹೇಳಿದರು.