ಇಲಿಯಾಸ್ಟಮಿಯಾದವರಿಗೆ ಹಠಾತ್ ಹೊಟ್ಟೆನೋವು ಬಂದಾಗ

ಸಣ್ಣ ಕರುಳಿನ ಕೊನೆಯ ಭಾಗವನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು, ಮಲವು ಅಲ್ಲಿಂದಲೇ ಚೀಲಕ್ಕೆ ಇಳಿಯುವಂತೆ ಮಾಡುವ ಇಲಿಯಾಸ್ಟಮಿ ಶಸ್ತ್ರಚಿಕಿತ್ಸೆಯಾದವರಲ್ಲಿ, ಅಲೆಅಲೆಯಾಗಿ ಹಿಂಡುವ ನೋವು ಏಕಾಏಕಿ ಬಂದರೆ, ನಾರಿನ ಆಹಾರ ಕರುಳಿನಲ್ಲಿ ಸಿಕ್ಕಿಕೊಂಡಿದೆಯೇ ಎಂದು ಮೊದಲು ಶಂಕಿಸಬೇಕಾಗುತ್ತದೆ. ಗೋಡೆಯನ್ನು ಹಾದುಬರುವೆಡೆ ಕರುಳಿನ ದಾರಿ ಕಿರಿದಾಗಿರುವುದರಿಂದ ಪಲ್ಯದ ಕಾಯಿತುರಿ, ಸರಿಯಾಗಿ ಜಗಿಯದ ಮೆಕ್ಕೆಜೋಳದ ಕಾಳು, ಅಣಬೆ, ಕಡಲೆಬೀಜ ಮುಂತಾದವು ಅಲ್ಲಿ ಉಂಡೆಗಟ್ಟಬಲ್ಲವು. ಆಗ ಚೀಲಕ್ಕೆ ದುರ್ವಾಸನೆಯ ನೀರಷ್ಟೇ ಬಂದು ಬಳಿಕ ಅದೂ ನಿಲ್ಲಬಹುದು. ಸ್ಟೋಮಾ, ಅಂದರೆ ಹೊರಗೆ ಕಾಣುವ ಕರುಳಿನ ಕೆಂಪು ಬಾಯಿ, ಊದಿಕೊಳ್ಳಬಹುದು.

ಊದಿದ ಸ್ಟೋಮಾವನ್ನು ಚೀಲದ ಬಿಲ್ಲೆ ಬಿಗಿಯದಂತೆ, ರಂಧ್ರವನ್ನು ತುಸು ಅಗಲವಾಗಿ ಕತ್ತರಿಸಿದ ಬೇರೆ ಬಿಲ್ಲೆಯನ್ನು ಅಂಟಿಸಬೇಕು. ಘನ ಆಹಾರವನ್ನು ನಿಲ್ಲಿಸಿ, ವಾಂತಿಯಿಲ್ಲದೆ ಚೀಲಕ್ಕೆ ಇನ್ನೂ ದ್ರವ ಬರುತ್ತಿದ್ದರೆ ಮಾತ್ರ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯಬಹುದು. ಬೆಚ್ಚನೆಯ ನೀರಿನ ಸ್ನಾನ, ಮಂಡಿಗಳನ್ನು ಎದೆಯತ್ತ ಮಡಚಿ ಮಲಗಿ ಸ್ಟೋಮಾದ ಸುತ್ತ ಹಗುರವಾಗಿ ನೀವುವುದು ಅನೇಕರಿಗೆ ನೆರವಾಗುತ್ತದೆ. ಭೇದಿಯ ಔಷಧ ಮಾತ್ರ ಕೂಡದು, ಮನೆಯ ಹಿರಿಯರು ಹರಳೆಣ್ಣೆಯ ಬಾಟಲಿ ಹಿಡಿದು ಎಷ್ಟೇ ಒತ್ತಾಯಿಸಿದರೂ.

ನೋವಿನೊಂದಿಗೆ 4ರಿಂದ 6 ಗಂಟೆ ಚೀಲಕ್ಕೆ ಏನೂ ಬಾರದಿದ್ದರೆ ಆಸ್ಪತ್ರೆಗೆ ಹೋಗಬೇಕು. ವಾಂತಿ ಶುರುವಾದರೆ, ಜ್ವರ ಬಂದರೆ, ಅಥವಾ ಸ್ಟೋಮಾ ಕಡುನೇರಳೆ ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗಿದರೆ ಅಷ್ಟು ಹೊತ್ತು ಕಾಯುವಂತೆಯೂ ಇಲ್ಲ, ಏಕೆಂದರೆ ಹಳೆಯ ಶಸ್ತ್ರಚಿಕಿತ್ಸೆಯ ಅಂಟುಗಳಿಂದ ಅಥವಾ ಹರ್ನಿಯಾದಿಂದಲೂ ಕರುಳು ಕಟ್ಟಿಕೊಳ್ಳಬಹುದು. ಅಲ್ಲಿನ ವೈದ್ಯರಿಗೆ ತಮ್ಮದು ದೊಡ್ಡ ಕರುಳಿನ ಕೊಲೊಸ್ಟಮಿಯಲ್ಲ, ಇಲಿಯಾಸ್ಟಮಿ ಎಂಬುದನ್ನು ರೋಗಿಯೇ ಮೊದಲು ಹೇಳುವುದು ಒಳ್ಳೆಯದು.