ಚಳಿಗೆ ಲಾರಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬದಲಿಸುವ ಮೊದಲು ಅರ್ಥ್ ನೋಡಿ

ಡಿಸೆಂಬರ್ ಬಂತೆಂದರೆ ಹಳೆಯ ಡೀಸೆಲ್ ಲಾರಿ ಇಟ್ಟುಕೊಂಡವರಿಗೆ ಬೆಳಗಿನ ಜಾವದ ಕಾಟ ಶುರುವಾಗುತ್ತದೆ. ತಿಪಟೂರಿನ ಕೊಬ್ಬರಿ, ಶಿವಮೊಗ್ಗದ ಅಡಿಕೆ ಹೇರಿಕೊಂಡು ಉತ್ತರಕ್ಕೆ ಹೋದ ಗಾಡಿಗಳಿಗೆ ಇದು ಹೆಚ್ಚು. ಬೀದರ್‌ನಲ್ಲಿ ರಾತ್ರಿ ನಿಂತ ಗಾಡಿಗೂ ತಪ್ಪಿದ್ದಲ್ಲ. ಕೀ ತಿರುಗಿಸಿದರೆ ಸೆಲ್ಫ್ ಒಂದೆರಡು ಸುತ್ತು ಎಳೆದಾಡಿ ನಿಲ್ಲುತ್ತದೆ, ಇಲ್ಲವೇ ಬರೀ ‘ಟಕ್’ ಎನ್ನುತ್ತದೆ. ಆಗ ಬಹುತೇಕರು ಸೀದಾ ಬ್ಯಾಟರಿ ಬದಲಾಯಿಸುತ್ತಾರೆ. ಸ್ವಲ್ಪ ದಿನಕ್ಕೆ ಮತ್ತದೇ ಕತೆಯಾದಾಗ ಬ್ಯಾಟರಿ ಅಂಗಡಿಯವರ ಮೇಲೆ ಹರಿಹಾಯುತ್ತಾರೆ. ಹಳೇ ಗಾಡಿಗಳಲ್ಲಿ ಅನೇಕ ವೇಳೆ ತಪ್ಪಿರುವುದು ಬ್ಯಾಟರಿಯಲ್ಲಲ್ಲ. ಕರೆಂಟು ಬ್ಯಾಟರಿಯಿಂದ ಸೆಲ್ಫ್‌ಗೆ ಹೋಗಿ ವಾಪಸು ಬರುವ ದಾರಿಯಲ್ಲಿ, ಅದರಲ್ಲೂ ವಾಪಸು ಬರುವ ಅರ್ಥ್‌ನಲ್ಲಿ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಅದು ಬೇರೆ ವಿಷಯ: ಡೀಸೆಲ್ ಲೈನ್‌ನಲ್ಲಿ ಗಾಳಿ ಇರಬಹುದು, ಹೀಟರ್ ಪ್ಲಗ್ ಹೋಗಿರಬಹುದು, ತೀರಾ ಚಳಿಯ ಕಡೆ ಡೀಸೆಲ್ಲೇ ಮೇಣಗಟ್ಟಿರಬಹುದು. ಲಡಾಖ್‌ಗೆಂದೇ 2019ರಲ್ಲಿ ಮೈನಸ್ 33 ಡಿಗ್ರಿವರೆಗೆ ಹರಿಯುವ ಡೀಸೆಲ್ ಬಂದದ್ದು ಇದೇ ಕಾರಣಕ್ಕೆ. ಇಲ್ಲಿ ಹೇಳುತ್ತಿರುವುದು ಸೆಲ್ಫೇ ಸರಿಯಾಗಿ ತಿರುಗದ ಗಾಡಿಯ ಮಾತು. ಮೊದಲು ಬ್ಯಾಟರಿಯನ್ನೇ ಅಳೆಯಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಲೈಟೆಲ್ಲ ಆರಿಸಿ, ಮೀಟರ್ ಹಿಡಿದಾಗ 12.6 ವೋಲ್ಟ್ ಬಂದರೆ ಚಾರ್ಜ್ ತುಂಬಿದೆ, 12.2 ಅಂದರೆ ಅರ್ಧ ಖಾಲಿ. 24 ವೋಲ್ಟ್ ಗಾಡಿಯಾದರೆ ಎರಡೂ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಒಂದು ಸರಿಯಿದ್ದು ಇನ್ನೊಂದು ಇಳಿದಿದ್ದರೆ ಕ್ಯಾಬಿನ್‌ನ ಟೇಪು, ಫ್ಯಾನು, ಮೊಬೈಲ್ ಚಾರ್ಜರ್‌ಗೆ ಯಾರೋ ಒಂದೇ ಬ್ಯಾಟರಿಯಿಂದ ವೈರ್ ಎಳೆದಿದ್ದಾರೆಯೇ ನೋಡಿ. ಹಾಗೆ ಎಳೆದರೆ ಆ ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಅತಿ ಚಾರ್ಜಾಗಿ ನೀರು ಕಳೆದುಕೊಳ್ಳುತ್ತದೆ, ಎರಡೂ ಬೇಗ ಹಾಳು. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿಕೊಳ್ಳಿ. ಇದರಲ್ಲಿ ಜಿಪುಣತನ ಬೇಡವೇ ಬೇಡ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಎಳೆಯದಿದ್ದರೆ ಅರ್ಥ್ ಪರೀಕ್ಷೆ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಟ್ಟೆ ಕೊಟ್ಟಿರಲಿ. ಇಂಜಿನ್ ಹಿಡಿಯದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿಯಲು ಕ್ಲೀನರ್‌ಗೆ ಹೇಳಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೆಯೇ ಇರಬೇಕು, ಕ್ಲಾಂಪಿನ ಮೇಲಲ್ಲ; ಕಂಬಕ್ಕೂ ಕ್ಲಾಂಪಿಗೂ ನಡುವೆ ಕೊಳೆ ಕೂತಿದ್ದರೆ ಅದೂ ಲೆಕ್ಕಕ್ಕೆ ಬರಬೇಕಲ್ಲ. ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕ್‌ನ ಬಣ್ಣವಿಲ್ಲದ ಜಾಗದ ಮೇಲೆ. ಈಗ ಕ್ಲೀನರ್ ಐದಾರು ಸೆಕೆಂಡ್ ಸೆಲ್ಫ್ ಹೊಡೆಯಲಿ. ಮೀಟರ್ 0.2 ವೋಲ್ಟ್ ಒಳಗೆ ತೋರಿಸಿದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ. ಒಂದು ಕಡ್ಡಿ ಕಂಬದ ಮೇಲಿರಲಿ, ಇನ್ನೊಂದನ್ನು ಕ್ಲಾಂಪ್, ಲಗ್, ಚಾಸಿಸ್, ಇಂಜಿನ್ ಎಂದು ಮುಂದಕ್ಕೆ ಸರಿಸುತ್ತ ಪ್ರತಿ ಸಲ ಸೆಲ್ಫ್ ಹೊಡೆಸಿ. ಅಂಕಿ ಎಲ್ಲಿ ದಿಢೀರನೆ ಏರುತ್ತದೋ ಅದಕ್ಕೆ ಹಿಂದಿನ ಜೋಡಣೆಯೇ ಕೆಟ್ಟದ್ದು. ಮೀಟರ್ ಇಲ್ಲದವರು ಸೆಲ್ಫ್ ಹೊಡೆದ ತಕ್ಷಣ ಜೋಡಣೆಗಳನ್ನು ಮುಟ್ಟಿ ನೋಡಿ. ಬಿಸಿಯಾದ ಲಗ್ ತಾನೇ ಹೇಳುತ್ತದೆ. ಮೈ ಸುಡುವಷ್ಟು ಬಿಸಿಯೂ ಆಗಬಹುದು, ಜೋಪಾನ.

ಲೈಟು ಧಗಧಗ ಉರಿಯುತ್ತಿದೆ, ಅರ್ಥ್ ಹೇಗೆ ಕೆಟ್ಟಿದ್ದೀತು ಎಂದು ಕೇಳುವವರಿದ್ದಾರೆ. ಹೆಡ್‌ಲೈಟ್ ಎಳೆಯುವುದು ಕೆಲವೇ ಆಂಪಿಯರ್. ಲಾರಿಯ ಸೆಲ್ಫ್ ಎಳೆಯುವುದು ನೂರಾರು. ಓಮ್‌ನ ಇನ್ನೂರರಲ್ಲಿ ಒಂದು ಭಾಗದಷ್ಟು ತಡೆಯಿದ್ದರೂ 400 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ, ಲೈಟಿಗೆ ಅದು ಗೊತ್ತೂ ಆಗುವುದಿಲ್ಲ. ಮೀಟರ್‌ನ ‘ಬೀಪ್’ ಪರೀಕ್ಷೆಯನ್ನು ನಂಬುವುದೂ ಇದೇ ತಪ್ಪು. ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಮಧ್ಯಾಹ್ನ ಸರಿಯಾಗೇ ಸ್ಟಾರ್ಟ್ ಆಗುತ್ತದಲ್ಲ ಎನ್ನುವುದು ಇನ್ನೊಂದು ವಾದ. ಚಳಿಗೆ ಆಯಿಲ್ ಗಟ್ಟಿಯಾಗಿ ಸೆಲ್ಫ್ ನಿಧಾನ ತಿರುಗುತ್ತದೆ, ನಿಧಾನ ತಿರುಗಿದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ, ಕರೆಂಟು ಹೆಚ್ಚಿದಷ್ಟೂ ಕೆಟ್ಟ ಜೋಡಣೆಯಲ್ಲಿ ಸೋರಿಕೆ ಹೆಚ್ಚುತ್ತದೆ. ಸೊನ್ನೆ ಡಿಗ್ರಿ ಹತ್ತಿರ ಬ್ಯಾಟರಿಯ ಕಸುವೂ ಸುಮಾರು ಮೂರನೇ ಒಂದು ಭಾಗ ಕುಗ್ಗಿರುತ್ತದೆ. ಬೇಸಿಗೆಯಲ್ಲಿ ಅಡಗಿದ್ದ ದೋಷ ಚಳಿಯಲ್ಲಿ ಬಯಲಾಗುವುದು ಹೀಗೆ. ಹೊಸ ಬ್ಯಾಟರಿ ಹಾಕಿದೊಡನೆ ಸ್ಟಾರ್ಟ್ ಆಯಿತು, ಆದ್ದರಿಂದ ಹಳೆಯದೇ ಕೆಟ್ಟಿತ್ತು ಎಂಬ ತೀರ್ಮಾನವೂ ನಿಲ್ಲುವುದಿಲ್ಲ. ಹೊಸದಕ್ಕೆ ಕಸುವು ಹೆಚ್ಚು, ಸೋರಿಕೆ ಕಳೆದೂ ಸೆಲ್ಫ್‌ಗೆ ಸಾಕಾಗುತ್ತದೆ. ಮೇಲಾಗಿ ಅದನ್ನು ಕೂರಿಸುವಾಗ ಕ್ಲಾಂಪು ಉಜ್ಜಿ ಬಿಗಿ ಮಾಡಿರುತ್ತಾರೆ. ಗುಣವಾದದ್ದು ಅದರಿಂದಲೂ ಇರಬಹುದು.

ಅರ್ಥ್ ಕೆಡುವ ಜಾಗ ಮುಖ್ಯವಾಗಿ ಎರಡು. ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಸ್‌ಗೆ ಬೋಲ್ಟ್ ಆಗಿರುವ ಕಡೆ ಒಂದು. ಎಫ್‌ಸಿ ಮಾಡಿಸುವ ಮುಂಚೆ ಚಾಸಿಸ್‌ಗೆ ಕಪ್ಪು ಬಣ್ಣ ಬಳಿಯುತ್ತಾರೆ. ಕೇಬಲ್ ಬಿಚ್ಚಿ ಬಳಿದು ಬಣ್ಣದ ಮೇಲೆಯೇ ಲಗ್ ಕೂರಿಸಿದರೆ ಅಲ್ಲಿಗೆ ಮುಗಿಯಿತು. ಇನ್ನೊಂದು, ಚಾಸಿಸ್‌ನಿಂದ ಇಂಜಿನ್‌ಗೆ ಅಥವಾ ಗೇರ್‌ಬಾಕ್ಸ್‌ಗೆ ಬರುವ ಹೆಣೆದ ತಾಮ್ರದ ಪಟ್ಟಿ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಈ ಪಟ್ಟಿಯೇ ಅದರ ಗಟ್ಟಿಯಾದ ಅರ್ಥ್. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಬಿಚ್ಚಿದ ಪಟ್ಟಿಯನ್ನು ಮತ್ತೆ ಹಾಕದೇ ಬಿಟ್ಟರೆ ಕರೆಂಟು ಆಕ್ಸಿಲರೇಟರ್ ಕೇಬಲ್‌ನಂಥ ಸಣ್ಣ ದಾರಿ ಹುಡುಕಿಕೊಂಡು ಅದನ್ನೇ ಸುಡುತ್ತದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಲಗ್ ಕೂರುವ ಜಾಗವನ್ನು ಎಮರಿ ಪೇಪರ್‌ನಿಂದ ಹೊಳೆಯುವವರೆಗೆ ಉಜ್ಜಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ಗ್ರೀಸ್ ಬಿಗಿದ ಮೇಲೆ. ಕೇಬಲ್‌ನ ತುದಿ ಬಿರುಸಾಗಿ, ಒಳಗೆ ಹಸಿರು ಪುಡಿ ಕಂಡರೆ ಇಡೀ ಕೇಬಲ್ ಬದಲಾಯಿಸಿ. ಕತ್ತರಿಸಿ ಟೇಪು ಸುತ್ತುವುದು ರಿಪೇರಿಯಲ್ಲ.

ಪಾಸಿಟಿವ್ ಕಡೆಯೂ ಇದೇ ರೀತಿ ಅಳೆಯಿರಿ. ಕಂಬದಿಂದ ಸೆಲ್ಫ್‌ನ ದಪ್ಪ ಟರ್ಮಿನಲ್‌ವರೆಗೆ ಅರ್ಧ ವೋಲ್ಟ್ ಮೀರಬಾರದು. ಎರಡೂ ಕಡೆ ಸರಿಯಿದ್ದು, ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ (24ರ ಗಾಡಿಯಲ್ಲಿ 19ಕ್ಕಿಂತ) ಕೆಳಗಿಳಿದರೆ ಆಗ ಬ್ಯಾಟರಿಯನ್ನು ಅನುಮಾನಿಸಿ. ಇಳಿಯದಿದ್ದರೆ ಸೆಲ್ಫ್‌ನ ಕಾರ್ಬನ್, ಬುಷ್ ನೋಡಿಸಿ. ಇಂಜಿನ್ ಓಡುವಾಗ ಚಾರ್ಜಿಂಗ್ 13.8ರಿಂದ 14.4 ಇರಬೇಕು, 24ರಲ್ಲಿ ಇದರ ಎರಡರಷ್ಟು. ಕಡಿಮೆಯಿದ್ದರೆ ಮೊದಲು ಬೆಲ್ಟ್ ನೋಡಿ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಬಿಚ್ಚಿ ಆಲ್ಟರ್ನೇಟರ್ ಪರೀಕ್ಷಿಸುವ ಅಭ್ಯಾಸ ಬಿಡಿ, ಡಯೋಡ್ ಸುಡುತ್ತದೆ. ಬ್ಯಾಟರಿ ಹತ್ತಿರ ಬೀಡಿ ಹಚ್ಚಬೇಡಿ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲೇಬೇಡಿ, ಸಿಡಿಯುತ್ತದೆ.