ಎಣ್ಣಿ ಹೊಡೆದ ಮೇಲೆ ಮೈಯೊಳಗಿನ ಲೆಕ್ಕ

ಎಣ್ಣಿ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಕೊಯ್ಲಿಗೆ ಇಷ್ಟು ದಿನ ಮೊದಲು ಸಿಂಪಡಣೆ ನಿಲ್ಲಿಸಿ’ ಎಂದು ಬರೆದಿರುತ್ತದೆ. ಈ ‘ಇಷ್ಟು ದಿನ’ವನ್ನು ಯಾರು ಎಣಿಸಿದರು? ಮನುಷ್ಯನಿಗೆ ಕುಡಿಸಿ ನೋಡಿದರೇ? ಇಲ್ಲ. ಇಲಿಗೆ ಕೊಟ್ಟು ನೋಡಿದರು, ಉಳಿದದ್ದನ್ನು ಲೆಕ್ಕ ಹಾಕಿದರು. ಆ ಲೆಕ್ಕ ಹೇಗೆ ನಡೆಯುತ್ತದೆಂದು ತಿಳಿದರೆ ಅದರಲ್ಲಿ ನಮ್ಮ ಹೊಲದ ಪದ್ಧತಿ ಎಷ್ಟು ಸೇರಿದೆ, ಎಷ್ಟು ಸೇರಿಲ್ಲ ಎಂಬುದೂ ಗೊತ್ತಾಗುತ್ತದೆ. ಧಾರವಾಡ ಸೀಮೆಯಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುವ ನಮಗೆ ಇದು ಶಾಲೆಯ ಗಣಿತವಲ್ಲ, ಮೈಮೇಲಿನ ಗಣಿತ.

ಅಮೆರಿಕದಲ್ಲಿ 1961ರಲ್ಲಿ ವಿಷಶಾಸ್ತ್ರಜ್ಞರ ಸಂಘವೊಂದು ಹುಟ್ಟಿತು, ಹೆಸರು ಸೊಸೈಟಿ ಆಫ್ ಟಾಕ್ಸಿಕಾಲಜಿ. ಅದರೊಳಗೆ ಈ ಲೆಕ್ಕದವರದೇ ಒಂದು ಗುಂಪಿದೆ. ವಿಷ ಒಳಗೆ ಬಂದಾಗ ಪಿತ್ತಜನಕಾಂಗ, ಕೊಬ್ಬು, ಮೂತ್ರಪಿಂಡ, ರಕ್ತ ಇವುಗಳಲ್ಲಿ ಎಷ್ಟೆಷ್ಟು ಹೋಗಿ ನಿಲ್ಲುತ್ತದೆ, ಎಷ್ಟು ತಾಸಿನಲ್ಲಿ ಹೊರಬೀಳುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆಯುವುದು ಇವರ ಕೆಲಸ. ಈ ದಾರಿಯನ್ನು 1937ರಲ್ಲಿ ತೋರಿಸಿದವರು ಸ್ವೀಡನ್ನಿನ ಟಾರ್ಸ್ಟನ್ ಟಿಯೊರೆಲ್. 1984ರಲ್ಲಿ ರಾಮ್ಸೆ ಮತ್ತು ಆಂಡರ್ಸನ್ ಎಂಬಿಬ್ಬರು ಸ್ಟೈರೀನ್ ಎಂಬ ರಾಸಾಯನಿಕವನ್ನು ತೆಗೆದುಕೊಂಡು, ಇಲಿಯ ಲೆಕ್ಕದಿಂದ ಮನುಷ್ಯನ ಲೆಕ್ಕಕ್ಕೆ ದಾಟುವುದು ಹೇಗೆಂದು ಮಾಡಿ ತೋರಿಸಿದರು.

ದೇಹವೂ ಒಂದು ಹೊಂಡ

ನಮ್ಮ ಕೃಷಿಹೊಂಡವನ್ನೇ ನೆನೆಯಿರಿ. ಒಂದು ಕಡೆ ನೀರು ಬರುವ ಕಾಲುವೆ, ಇನ್ನೊಂದು ಕಡೆ ಹೋಗುವ ದಾರಿ. ಬರುವುದು ಹೆಚ್ಚಾದರೆ ಏರುತ್ತದೆ, ಹೋಗುವುದು ಹೆಚ್ಚಾದರೆ ಇಳಿಯುತ್ತದೆ. ದೇಹವೂ ಹಾಗೆಯೇ. ಬಾಯಿ, ಮೂಗು, ಚರ್ಮ ಬರುವ ಕಾಲುವೆಗಳು. ಪಿತ್ತಜನಕಾಂಗ ವಿಷ ಒಡೆಯುವ ಜಾಗ, ಮೂತ್ರ ಹೋಗುವ ದಾರಿ. ಕೊಬ್ಬು ಮಗ್ಗುಲಿನ ಇನ್ನೊಂದು ಹೊಂಡ: ಕೆಲವು ವಿಷ ಅಲ್ಲಿ ಸೇರಿ ಸಾವಕಾಶ ಹಿಂದಕ್ಕೆ ಸೋರುತ್ತದೆ.

ಒಂದು ಲೆಕ್ಕ ಮಾಡೋಣ. ಒಂದು ವಿಷ ದಿನಕ್ಕೆ ಅರ್ಧ ಹೊರಹೋಗುತ್ತದೆ ಎಂದು ಹಿಡಿಯಿರಿ. ಆಳು ದಿನಾ ಹೊಡೆಯುತ್ತಾನೆ, ದಿನಕ್ಕೆ 1 ಪಾಲು ಒಳಗೆ ಹೋಗುತ್ತದೆ. ಮೊದಲ ದಿನ 1. ಎರಡನೇ ದಿನ ಉಳಿದ ಅರ್ಧಕ್ಕೆ ಹೊಸ 1 ಸೇರಿ ಒಂದೂವರೆ. ಮೂರನೇ ದಿನ ಒಂದೂ ಮುಕ್ಕಾಲು. ಹೀಗೆ ಏರಿ 2ರ ಹತ್ತಿರ ನಿಲ್ಲುತ್ತದೆ. ಒಂದು ದಿನ ಹೊಡೆದು ಬಿಟ್ಟವನಿಗಿಂತ ವಾರವಿಡೀ ಕೂಲಿಗೆ ಹೊಡೆಯುವವನ ಮೈಯಲ್ಲಿ ಇಮ್ಮಡಿ. ಹೊಲ ನಮ್ಮದಾದರೂ ಪಂಪು ಅವನ ಬೆನ್ನಮೇಲಿರುತ್ತದೆ ಎಂಬುದನ್ನು ಮರೆಯಬಾರದು.

ವಿಷ ಹೋದರೂ ನಷ್ಟ ಹೋಗದು

ಕ್ಲೋರ್‌ಪೈರಿಫಾಸ್ ಎಂಬ ಎಣ್ಣಿಯ ಮೇಲೆ ಈ ಬಗೆಯ ಕೆಲಸ ಸಾಕಷ್ಟು ನಡೆದಿದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6 ಜನ ಗಂಡಸರು ತಾವಾಗಿಯೇ ಒಪ್ಪಿ ಸ್ವಲ್ಪ ಪ್ರಮಾಣ ತೆಗೆದುಕೊಂಡಿದ್ದರು. ಬಾಯಿಯಿಂದ ಹೋದದ್ದರಲ್ಲಿ ಸುಮಾರು ಶೇಕಡಾ 70ರಷ್ಟು ಒಡೆದ ರೂಪದಲ್ಲಿ ಮೂತ್ರದಲ್ಲಿ ಸಿಕ್ಕಿತು. ಚರ್ಮಕ್ಕೆ ಹಚ್ಚಿದ್ದರಲ್ಲಿ ಸಿಕ್ಕಿದ್ದು ಶೇಕಡಾ 3ಕ್ಕಿಂತ ಕಡಿಮೆ. ಆ ಒಡೆದ ತುಣುಕು ರಕ್ತದಲ್ಲಿ ಅರ್ಧವಾಗಲು ಸುಮಾರು 27 ತಾಸು ಬೇಕಾಯಿತು. 2002ರಲ್ಲಿ ಟಿಮ್‌ಚಾಕ್ ಮತ್ತು ಸಂಗಡಿಗರು ಇಲಿಗೂ ಮನುಷ್ಯನಿಗೂ ಕೂಡುವಂಥ ಪೂರ್ಣ ಲೆಕ್ಕವನ್ನು ಕಟ್ಟಿದರು.

‘ಚರ್ಮದಿಂದ ಶೇಕಡಾ ಮೂರೂ ಇಲ್ಲ ಅಂದಮ್ಯಾಲ ಅಂಜೋದ್ಯಾಕ?’ ಎಂದು ಕೇಳಬಹುದು. ಅಂಜಬೇಕು. ಅದು ಅಳೆದು ಹಚ್ಚಿದ, ಒಂದೇ ಸಲದ ಲೆಕ್ಕ. ನಮ್ಮ ಹೊಲದಲ್ಲಿ ಸೋರುವ ಪಂಪಿನಿಂದ ಬೆನ್ನು ತೊಯ್ದಿರುತ್ತದೆ, ಬೆವರಿರುತ್ತದೆ, ಕೈಯಲ್ಲಿ ಗಾಯವಿರುತ್ತದೆ, ತೊಯ್ದ ಅಂಗಿ ಸಂಜೆತನಕ ಮೈಮೇಲೆಯೇ ಇರುತ್ತದೆ. ಅದೇ ಕೈಯಲ್ಲಿ ಎಲಿಅಡಿಕಿ, ತಂಬಾಕು. ಆಗ ಚರ್ಮದ ಲೆಕ್ಕ ಬಾಯಿಯ ಲೆಕ್ಕವಾಗುತ್ತದೆ.

ಇನ್ನೂ ದೊಡ್ಡ ಮಾತೊಂದಿದೆ. ಈ ಜಾತಿಯ, ಅಂದರೆ ಆರ್ಗನೊಫಾಸ್ಫೇಟ್, ಎಣ್ಣಿಗಳು ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಕೆಂಪು ರಕ್ತಕಣದಲ್ಲಿರುವ ಈ ಕಿಣ್ವ ಹೊಸ ರಕ್ತಕಣ ಬಂದಂತೆ ಮಾತ್ರ ಮರಳುತ್ತದೆ. ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಾಗಾಗಿ ಮರಳುವ ವೇಗ ದಿನಕ್ಕೆ ಶೇಕಡಾ 1ರ ಆಸುಪಾಸು. ಶೇಕಡಾ 20 ಕಳೆದುಕೊಂಡವನಿಗೆ ಅದು ತುಂಬಲು ಮೂರು ವಾರ ಬೇಕು. ವಿಷ ನಾಲ್ಕೈದು ದಿನದಲ್ಲಿ ಬಹುಪಾಲು ಹೋಗಿರುತ್ತದೆ, ‘ನನಗ ಏನೂ ಆಗಿಲ್ರೀ’ ಎಂದು ಆಳು ಮತ್ತೆ ಪಂಪು ಹೊರುತ್ತಾನೆ. ಎರಡನೇ ಹೊಡೆತ ಬೀಳುವುದು ಅರೆಖಾಲಿ ಹೊಂಡದ ಮೇಲೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಅವರು ಎಣ್ಣಿ ಕುಡಿದವರಲ್ಲ, ಹೊಡೆದವರು.

ಬೆರಕೆಯ ಲೆಕ್ಕ ಬೇರೆ

ಡಬ್ಬಿಯ ಲೆಕ್ಕ ಹೆಚ್ಚಾಗಿ ಒಂದೊಂದೇ ವಿಷದ್ದು. ನಾವು ಎರಡು ಮೂರು ಕೂಡಿಸಿ ಹೊಡೆಯುತ್ತೇವೆ. ಪ್ರೊಫೆನೊಫಾಸ್ ಜತೆ ಸೈಪರ್‌ಮೆಥ್ರಿನ್ ಬೆರೆಸಿದ ಎಣ್ಣಿ ಅಂಗಡಿಯಲ್ಲೇ ಸಿಗುತ್ತದೆ. ಅದು ಕಾಯಿಕೊರಕಕ್ಕೆ ಜೋರಾಗಿ ತಾಗಲು ಒಂದು ಕಾರಣವಿದೆ: ಸೈಪರ್‌ಮೆಥ್ರಿನ್ ಅನ್ನು ಒಡೆಯುವ ಕಿಣ್ವವನ್ನು ಪ್ರೊಫೆನೊಫಾಸ್ ತಡೆಯುತ್ತದೆ. ಅಂಥದೇ ಕಿಣ್ವ ನಮ್ಮ ಪಿತ್ತಜನಕಾಂಗದಲ್ಲೂ ಇದೆ. ಒಂದಕ್ಕೊಂದು ಕೂಡಿದರೆ ಎರಡೇ ಆಗಬೇಕೆಂದಿಲ್ಲ. ಅಂಗಡಿಯವ ಹೇಳಿದನೆಂದು ಮೂರನೆಯದನ್ನು ಸುರಿಯುವ ಮುನ್ನ ಇದು ನೆನಪಿರಲಿ.

ನೂರರ ಭಾಗಾಕಾರ

ಇಲಿಗೆ ಏನೂ ಆಗದ ಪ್ರಮಾಣವನ್ನು ಮೊದಲು ಕಂಡುಹಿಡಿದು ಅದನ್ನು 100ರಿಂದ ಭಾಗಿಸುವ ಪದ್ಧತಿ ಇದೆ. 1954ರಲ್ಲಿ ಅಮೆರಿಕದ ಲೇಮನ್ ಮತ್ತು ಫಿಟ್ಸ್‌ಹ್ಯೂ ಇದನ್ನು ಸೂಚಿಸಿದರು. ಇಲಿಗಿಂತ ಮನುಷ್ಯ ಸೂಕ್ಷ್ಮವಿರಬಹುದೆಂದು 10, ಮನುಷ್ಯರಲ್ಲೇ ಕೂಸು, ಮುದುಕ, ಬಸುರಿ ಇನ್ನೂ ಸೂಕ್ಷ್ಮವೆಂದು ಮತ್ತೆ 10. ಹತ್ಹತ್ಲೆ ನೂರು. ಲೆಕ್ಕದ ಗುಂಪಿನವರು ಈ ಅಂದಾಜಿನ ಜಾಗದಲ್ಲಿ ಅಳೆದ ಅಂಕಿ ತರಲು ನೋಡುತ್ತಾರೆ. ಉದಾಹರಣೆಗೆ, ಒಳಗೆ ಹೋದ ಕ್ಲೋರ್‌ಪೈರಿಫಾಸ್ ಮತ್ತೂ ಕಟುವಾದ ರೂಪ ತಾಳುತ್ತದೆ. ಅದನ್ನು ಒಡೆಯುವ ಒಂದು ಕಿಣ್ವ ಹಸುಗೂಸಿನಲ್ಲಿ ದೊಡ್ಡವರಿಗಿಂತ ಬಹಳ ಕಡಿಮೆ.

ತೂಕವನ್ನೂ ನೋಡಿ. 60 ಕಿಲೋ ಆಳೂ 15 ಕಿಲೋ ಮಗುವೂ ಒಂದೇ ಪ್ರಮಾಣ ಉಂಡರೆ ಮಗುವಿಗೆ ಕಿಲೋ ತೂಕಕ್ಕೆ ನಾಲ್ಕು ಪಟ್ಟು ಬಿತ್ತು. ಯುರೋಪು 2020ರಲ್ಲಿ ಕ್ಲೋರ್‌ಪೈರಿಫಾಸ್ ಬಿಟ್ಟಿತು. ಮಕ್ಕಳ ಮಿದುಳಿನ ಬೆಳವಣಿಗೆಗೆ ಧಕ್ಕೆ ಎಂಬುದು ಒಂದು ಕಾರಣವಾಗಿತ್ತು.

ಡಬ್ಬಿಯ ತ್ರಿಕೋನದ ಬಣ್ಣ ಇದನ್ನೆಲ್ಲ ಹೇಳುವುದಿಲ್ಲ. ಒಂದೇ ಸಲ ಬಾಯಿಯಿಂದ ಕೊಟ್ಟಾಗ ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣ ಕಿಲೋ ತೂಕಕ್ಕೆ 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಇದು ಒಂದು ಗುಟುಕಿನ ಲೆಕ್ಕ. ದಿನಾ ಸ್ವಲ್ಪ ಸ್ವಲ್ಪ ಹೋಗುವುದರ ಲೆಕ್ಕ ಬಣ್ಣದಲ್ಲಿಲ್ಲ. ಹಸಿರು ಎಂದರೆ ಮೈಮೇಲೆ ಚೆಲ್ಲಿದರೂ ನಡೆದೀತು ಎಂದಲ್ಲ.

ಕಣದಲ್ಲಿ ಬದಲಾಗುವ ಲೆಕ್ಕ

ಮೆಣಸಿನಕಾಯಿ ಬೆಳೆಯುವವರು ಇದನ್ನು ಗಮನಿಸಬೇಕು. ಕಾಯಿಯ ಮೇಲೆ ಕಿಲೋಗೆ 2 ಮಿಲಿಗ್ರಾಂ ಎಣ್ಣಿ ಇದೆ, ಮೂರು ದಿನಕ್ಕೊಮ್ಮೆ ಅರ್ಧವಾಗುತ್ತದೆ ಎಂದು ಹಿಡಿಯಿರಿ. ಆರು ದಿನಕ್ಕೆ ಅರ್ಧ ಮಿಲಿಗ್ರಾಂಗೆ ಇಳಿಯಿತು. ಈಗ ಬಿಡಿಸಿ ಕಣದಲ್ಲಿ ಹಾಕಿದಿರಿ. ನಾಲ್ಕು ಕಿಲೋ ಹಸಿ ಕಾಯಿ ಒಣಗಿ ಒಂದು ಕಿಲೋ ಆಯಿತು. ಹೋದದ್ದು ನೀರು, ಎಣ್ಣಿ ಪೂರ್ತಿ ಉಳಿದಿದ್ದರೆ ಕಿಲೋಗೆ ಮತ್ತೆ 2 ಮಿಲಿಗ್ರಾಂ. ಬಿಸಿಲಿಗೆ ಕೆಲವು ಎಣ್ಣಿ ಸ್ವಲ್ಪ ಒಡೆದೀತು, ಆದರೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಆರು ದಿನ ಕಾದದ್ದು ಕಣದಲ್ಲಿ ಹೋಯಿತು! ಹಸಿಕಾಯಿಗೆ ಹೇಳಿದ ದಿನದ ಲೆಕ್ಕ ಒಣಕಾಯಿಗೆ ಸಾಲದೇ ಹೋಗಬಹುದು. ಬ್ಯಾಡಗಿ ಪೇಟೆಯಿಂದ ಪರದೇಶಕ್ಕೆ ಹೋಗುವ ಮಾಲಿಗೆ ಅಲ್ಲಿ ಪರೀಕ್ಷೆ ಉಂಟು. ನಮ್ಮ ಮನೆಯ ಖಾರದಪುಡಿಗೆ ಯಾವ ಪರೀಕ್ಷೆಯೂ ಇಲ್ಲ.

ಲೆಕ್ಕಕ್ಕೆ ಸಿಗದ ದಾರಿ: ಕಾಸರಗೋಡು

ಲೆಕ್ಕ ಸರಿಯಿದ್ದರೂ ಒಂದು ಕಾಲುವೆ ಬಿಟ್ಟುಹೋದರೆ ಉತ್ತರ ತಪ್ಪು. ಕಾಸರಗೋಡಿನ ಗೇರುತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದರು. ತೋಟ ಗುಡ್ಡದ ಮೇಲೆ, ಊರು ಕಣಿವೆಯಲ್ಲಿ. ಕುಡಿಯುವ ನೀರು ತೊರೆಯದು, ಸುರಂಗದ್ದು. ಎಣ್ಮಕಜೆ ಪಂಚಾಯತಿಯ ಪಡ್ರೆ ಭಾಗದಲ್ಲಿ ವಿಚಿತ್ರ ಕಾಯಿಲೆಗಳು ಹೆಚ್ಚಿರುವುದನ್ನು ಗುರುತಿಸಿದವರು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಅದನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ಗುಡ್ಡ, ತೊರೆ, ಸುರಂಗ ಇವನ್ನು ಬಲ್ಲವರು ಅಲ್ಲಿ ಬಾಳುವವರೇ. ಅವರು ಬರೆದಿಡದಿದ್ದರೆ ಈ ಸಂಗತಿ ಯಾವ ಸಮೀಕರಣಕ್ಕೂ ಸಿಗುತ್ತಿರಲಿಲ್ಲ.

ನಾವು ಮಾಡಬಹುದಾದದ್ದು

ನಾನು ಒಂದು ಪಾಟಿವಹಿ ಇಟ್ಟಿದ್ದೇನೆ. ಹೊಡೆದ ತಾರೀಖು, ಎಣ್ಣಿಯ ಹೆಸರು, ಎಷ್ಟು ಪಂಪು, ಏನು ಬೆರೆಸಿತು, ಯಾರು ಹೊಡೆದರು, ಎಷ್ಟು ತಾಸು, ಆಮೇಲೆ ತಲೆನೋವು, ವಾಂತಿ, ಕಣ್ಣು ಮಂಜು ಏನಾದರೂ ಆಯಿತೇ, ಕಾಯಿ ಬಿಡಿಸಿದ್ದು ಯಾವಾಗ. ಒಂದು ಹೊಡೆತಕ್ಕೆ ಒಂದು ಸಾಲು ಸಾಕು. ಒಬ್ಬನೇ ಆಳಿಗೆ ದಿನಾ ಪಂಪು ಹೊರಿಸುವುದಿಲ್ಲ, ಸರದಿ ಹಾಕುತ್ತೇನೆ. ಸೋರುವ ಪಂಪನ್ನು ರಿಪೇರಿಯಾಗುವ ತನಕ ಮುಟ್ಟುವುದಿಲ್ಲ. ಹೊಡೆದವರಿಗೆ ಹೊಲದಲ್ಲೇ ಸಾಬೂನು, ನೀರು, ಬೇರೆ ಅಂಗಿ. ಒಣಗಿಸುವ ಕಾಯಿಗೆ ಡಬ್ಬಿ ಹೇಳಿದ ದಿನದ ಮೇಲೆ ಇನ್ನೊಂದು ವಾರ ಕಾಯುತ್ತೇನೆ.

ಯಾರಿಗಾದರೂ ಎಣ್ಣಿ ತಾಗಿದರೆ ಬಟ್ಟೆ ತೆಗೆಸಿ, ಮೈ ತೊಳೆಸಿ, ಡಬ್ಬಿ ಸಮೇತ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೋ ಹತ್ತಿರದ ಆಸ್ಪತ್ರೆಗೋ ತಡಮಾಡದೆ ಒಯ್ಯಿರಿ. ಯಾವ ಎಣ್ಣಿ ಎಂದು ಡಾಕ್ಟರಿಗೆ ತಿಳಿದರೆ ಅಟ್ರೋಪಿನ್ ಬೇಕೋ ಬೇರೆಯದೋ ಎಂದು ಬೇಗ ನಿರ್ಧರಿಸಬಹುದು.

ಕಾಗದದ ಮೇಲಿನ ದೇಹಕ್ಕೆ ಬೆವರಿಲ್ಲ, ಗಾಯವಿಲ್ಲ, ಬೆನ್ನಮೇಲೆ ಸೋರುವ ಪಂಪಿಲ್ಲ. ಇವನ್ನೆಲ್ಲ ಸೇರಿಸಲು ಬೇಕಾದ ಅಂಕಿ ನಮ್ಮಲ್ಲಿದೆ. ಊರಿಗೆ ಹತ್ತು ಮಂದಿಯಾದರೂ ಒಂದು ಹಂಗಾಮು ಹೀಗೆ ಬರೆದಿಡಿ. ಅದನ್ನು ಹಿಡಿದುಕೊಂಡು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಹೋಗೋಣ. ‘ನಮ್ಮ ಒಣಕಾಯಿಗೆ ಎಷ್ಟು ದಿನ? ನಮ್ಮ ಬೆರಕಿಗೆ ಎಷ್ಟು ದಿನ?’ ಎಂದು ಅಂಕಿ ಮುಂದಿಟ್ಟು ಕೇಳಿದರೆ ಉತ್ತರ ಕೊಡುವವರಿಗೂ ಹಿಡಿತ ಸಿಗುತ್ತದೆ. ಬರೆದವರು ಈ ಪತ್ರಿಕೆಗೂ ಒಂದು ಪ್ರತಿ ಕಳಿಸಿ.